ಕಲಂಗುಟ್‌ನ ಸಂಬಳ, ಕೊಣಾಜೆಯ ಪದವಿ

ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿದದ್ದೇ ತಡ, ನಾವು ಹುಡುಗರು ಗೋವಾದ ಬಸ್ಸು ಹತ್ತುತ್ತಿದ್ದೆವು. ಕೊಣಾಜೆಯಲ್ಲಿ 1980ರಲ್ಲೇ ಮಂಗಳೂರು ವಿಶ್ವವಿದ್ಯಾನಿಲಯ ಆಗಿತ್ತು. ಮನೆಗೆ ಹತ್ತಿರವಿದ್ದರೂ ನಮಗೆ ಅದು ದೂರ. ಕಲಂಗುಟ್‌ನ ಬಟ್ಟೆ ಅಂಗಡಿಯಲ್ಲಿ ನಿಂತೇ ಕೊಂಕಣಿ, ಹಿಂದಿ, ಇಂಗ್ಲಿಷ್ ಕಲಿತೆ. ಬಿಡುವೆಂದರೆ ಗಿರಾಕಿಯಿಲ್ಲದ ಮಳೆಗಾಲ. ಉಮ್ಮನಿಗೆ ಕಳಿಸಿದ ಸಂಬಳದಲ್ಲಿ ತಂಗಿ ಓದಿದಳು. ನಮ್ಮ ಮನೆಯ ಮೊದಲ ಪದವೀಧರೆ ಅವಳೇ.

ಇಂದು ನಮ್ಮ ಹೆಣ್ಣುಮಕ್ಕಳು ಕೊಣಾಜೆಯಲ್ಲಿ ಎಂ.ಎ., ಎಂ.ಎಸ್ಸಿ. ಓದುತ್ತಿದ್ದಾರೆ. ಗಂಡುಮಕ್ಕಳು? ಪಿಯುಸಿ ಆದೊಡನೆ ಮೊಬೈಲಿನಲ್ಲಿ ಬೈಕು ತೋರಿಸಿ, "ಮಾಮ, ಒಂದು ಕೆಲಸ ಕೊಡಿಸಿ" ಎನ್ನುವವರು ಈಗಲೂ ಇದ್ದಾರೆ. ನಮ್ಮನ್ನು ಬಡತನ ಕಳಿಸಿತು, ಇವರನ್ನು ಅವಸರ ಕಳಿಸುತ್ತಿದೆ. ರಜೆಯಲ್ಲಿ ಬಂದು ದುಡಿಯಲಿ, ಬೇಡವೆನ್ನೆ. ಆದರೆ ಪದವಿ ಮುಗಿಸಲಿ. ಅಂಗಡಿ ಎಲ್ಲಿಗೂ ಓಡಿಹೋಗದು.