ಶಿರ್ವದ ಅಟ್ಟ, ಗಲ್ಫ್ ಪೆಟ್ಟಿಗೆ, ಗುಂಯ್ ಅನ್ನುವ ಗೇಮ್ ಬಾಯ್

ಉಡುಪಿಯಿಂದ ಶಿರ್ವಕ್ಕೆ ಹೋಗೋದಾದ್ರೆ ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಶಂಕರಪುರದ ಮಲ್ಲಿಗೆ ಗಿಡಗಳನ್ನು ದಾಟಿದ ಮೇಲೆ ಸಿಗೋದೇ ಮಂಚಕಲ್ ಪೇಟೆ. ಮುಂಬೈಗೋ ಗಲ್ಫಿಗೋ ಯಾರೂ ಹೋಗದ ಮನೆ ಈ ಕಡೆ ಕಡಿಮೆ. ಹಾಗಾಗಿ ಇಲ್ಲಿನ ಅಟ್ಟಗಳಲ್ಲಿ ಟೇಪ್ ರೆಕಾರ್ಡರ್, ಖಾಲಿ ಸೂಟ್‌ಕೇಸ್, ಅದೃಷ್ಟವಿದ್ದರೆ ಒಂದು ಗೇಮ್ ಬಾಯ್ ಕೂಡ ಸಿಗುತ್ತೆ.

ನಮ್ಮ ಮಾವನ ಅಟ್ಟದಲ್ಲಿ ಸಿಕ್ಕಿತು. ನಿಂಟೆಂಡೊ 1989ರಲ್ಲಿ ಬಿಟ್ಟ ಬೂದು ಬಣ್ಣದ ಮಾಡೆಲ್. ಮಾವ ಬಹರೈನ್‌ನಿಂದ ತಂದದ್ದು. ಅವರು ಈಗಿಲ್ಲ. ‘ಬರೀ ಕರಕರ ಅನ್ನುತ್ತೆ, ಗುಜರಿಗೆ ಹಾಕೋಣ’ ಅಂದ ಅವರ ಮಗ. ವರ್ಷಕ್ಕೊಮ್ಮೆ ಬರುತ್ತಿದ್ದ ಅಪ್ಪನ ಜೊತೆ ಅವನು ಆಡಿದ್ದು ಇದೊಂದರಲ್ಲೇ. ‘ಎರಡು ದಿನ ಕೊಡು’ ಅಂದೆ.

ಗದ್ದಲ ಅಂದ್ರೆ ಎಲ್ಲಾ ಒಂದೇ ಅಲ್ಲ. ನಾವು ಕೋಡ್ ಡೀಬಗ್ ಮಾಡುವ ಹಾಗೆ ಒಂದೊಂದೇ ಭಾಗವನ್ನು ಬೇರೆ ಮಾಡಿ ನೋಡಬೇಕು. ವಾಲ್ಯೂಮ್ ಚಕ್ರ ತಿರುಗಿಸುವಾಗ ಮಾತ್ರ ಕರಕರ ಅಂದ್ರೆ ಅದರೊಳಗಿನ ಪಟ್ಟಿಯಲ್ಲಿ ಧೂಳು, ಕಿಲುಬು ಕೂತಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಅದೇನು ಆಶ್ಚರ್ಯವಲ್ಲ. ಇಯರ್‌ಫೋನಲ್ಲಿ ಸ್ಪಷ್ಟ, ಸ್ಪೀಕರಲ್ಲಿ ಒಡಕು ಅಂದ್ರೆ ಸ್ಪೀಕರ್ ಹೋಗಿದೆ. ಅಡಾಪ್ಟರ್ ತೆಗೆದು ಸೆಲ್ ಹಾಕಿದಾಗ ಗುಂಯ್ ನಿಂತರೆ ಕಳ್ಳ ಅಡಾಪ್ಟರೇ.

ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್ ನಿಲ್ಲದಿದ್ರೆ? ಆಗ ಸದ್ದು ಹುಟ್ಟುತ್ತಿರುವುದು ಆಟದಲ್ಲಿ ಅಲ್ಲ, ಕರೆಂಟಿನ ದಾರಿಯಲ್ಲಿ. ಪರದೆಯನ್ನು ಇದು ಸೆಕೆಂಡಿಗೆ ಸುಮಾರು 60 ಸಲ, ಸಾಲು ಸಾಲಾಗಿ ಬರೆಯುತ್ತೆ. ಸಾಲುಗಳ ಲೆಕ್ಕ ಸೆಕೆಂಡಿಗೆ 9,198. ಈ ಎರಡೂ ನಮ್ಮ ಕಿವಿಗೆ ಕೇಳುವ ಮಟ್ಟದವೇ. ಪರದೆ, ವೋಲ್ಟೇಜ್ ಬದಲಿಸುವ ಪುಟ್ಟ ಬೋರ್ಡ್, ಆಂಪ್ಲಿಫೈಯರ್ ಎಲ್ಲಕ್ಕೂ ಕರೆಂಟ್ ಬರೋದು ಅದೇ ನಾಲ್ಕು ಸೆಲ್‌ನಿಂದ. ಒಂದರ ಅಲುಗಾಟ ಇನ್ನೊಂದಕ್ಕೆ ತಾಗದಂತೆ ತಡೆಯುವುದು ಕೆಪಾಸಿಟರ್. ವಯಸ್ಸಾದ ಹಾಗೆ ಅದರೊಳಗಿನ ದ್ರವ ಒಣಗುತ್ತೆ, ತಡೆಯುವ ಶಕ್ತಿ ಕುಂದುತ್ತೆ. ಹೊಸದರಲ್ಲೂ ಸಣ್ಣ ಗುಂಯ್ ಇದ್ದೇ ಇತ್ತು, ಅದು ಹುಟ್ಟುಗುಣ.

ಮಾವನದ್ದಕ್ಕೆ ಇದ್ದದ್ದು ಎರಡು ಕಾಯಿಲೆ. ಸೆಲ್ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿದಿತ್ತು: ವಿನೆಗರ್ ತಾಗಿಸಿ ಉಜ್ಜಿ, ಆಲ್ಕೋಹಾಲ್‌ನಿಂದ ಒರೆಸಿದೆ. ವಾಲ್ಯೂಮ್ ಚಕ್ರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ಆಚೆ ಈಚೆ ತಿರುಗಿಸಿದೆ. ಕರಕರ ಹೋಯ್ತು, ಸಣ್ಣ ಗುಂಯ್ ಉಳಿಯಿತು. ಕೆಪಾಸಿಟರ್ ಬದಲಿಸಲಾ ಅಂತ ಕೇಳಿದ್ದಕ್ಕೆ ಭಾವ, ‘ಬೇಡ ಮಾರಾಯ, ಅಪ್ಪ ಆಡುವಾಗಲೂ ಹೀಗೇ ಕೇಳ್ತಿತ್ತು’ ಅಂದ. ಗುಜರಿಯ ಮಾತು ಮತ್ತೆ ಬರಲಿಲ್ಲ.

ನಿಮ್ಮ ಊರಿನ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಮಳೆಗಾಲಕ್ಕೆ ಮುಂಚೆ ಸೆಲ್ ತೆಗೆದುಬಿಡಿ. ಹೊಸ ಶೂ ಜೊತೆ ಬರುವ ಸಿಲಿಕಾ ಪೊಟ್ಟಣ ಬಿಸಾಡುವ ಬದಲು ಅದರ ಡಬ್ಬಿಗೆ ಹಾಕಿಡಿ.