ಹೊಸ ಬ್ರೌಸರಿನಲ್ಲಿ ಒಂದು ಸುತ್ತು

ತಮಿಳಿನಲ್ಲಿ ‘ಉಲಾ’ ಎಂದರೆ ಸುತ್ತಾಟ. ದೇವರೋ ಅರಸನೋ ಬೀದಿಯಲ್ಲಿ ಮೆರವಣಿಗೆ ಹೊರಡುವುದನ್ನು ಹಾಡುವ ಕಾವ್ಯಪ್ರಕಾರಕ್ಕೂ ಆ ಭಾಷೆಯಲ್ಲಿ ಇದೇ ಹೆಸರು. ನಮ್ಮ ಚೆನ್ನೈಯ ಜೋಹೋ ಸಂಸ್ಥೆಯವರು 2023ರಲ್ಲಿ ಹೊರತಂದ ಬ್ರೌಸರಿಗೆ ಈ ಹೆಸರನ್ನೇ ಇಟ್ಟಿದ್ದಾರೆ. ದೇಶೀಯ ಬ್ರೌಸರಿಗಾಗಿ ಕೇಂದ್ರ ಸರ್ಕಾರ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ 2025ರ ಮಾರ್ಚಿನಲ್ಲಿ ಇದಕ್ಕೆ ಮೊದಲ ಬಹುಮಾನವೂ ಬಂತು. 1 ಕೋಟಿ ರೂಪಾಯಿ! ಪಕ್ಕದ ಬೀದಿಯ ಹುಡುಗನಿಗೆ ರ‍್ಯಾಂಕು ಬಂದರೆ ಹೋಗಿ ಮಾತನಾಡಿಸಿ ಬರುವುದು ನೆರೆಯವರ ಧರ್ಮವಲ್ಲವೇ? ಒಂದು ಭಾನುವಾರ ನಾನೂ ಇಳಿಸಿಕೊಂಡು ನೋಡಿದೆ.

ಗುಮಾಸ್ತನ ಕಣ್ಣಿಗೆ ಮೊದಲು ಬಿದ್ದದ್ದು ಅದರ ಅಚ್ಚುಕಟ್ಟು. ಸ್ವಂತಕ್ಕೊಂದು ಕೋಣೆ, ಕೆಲಸಕ್ಕೊಂದು, ಮಕ್ಕಳಿಗೊಂದು. ಒಂದರ ಕಾಗದ ಇನ್ನೊಂದರ ಕಡತಕ್ಕೆ ಸೇರುವುದಿಲ್ಲ. ನಾವು ಎಲ್ಲೆಲ್ಲಿ ಹೋದೆವೆಂದು ಬೆನ್ನುಹತ್ತಿ ಬರೆದುಕೊಳ್ಳುವ ಜಾಹೀರಾತಿನವರ ಗೂಢಚಾರರನ್ನು ಬಾಗಿಲಲ್ಲೇ ತಡೆಯುವ ಏರ್ಪಾಡೂ ಇದೆ. ಒಮ್ಮೆ ಕುಕ್ಕರಿನ ಬೆಲೆ ವಿಚಾರಿಸಿ, ಆಮೇಲೆ ತಿಂಗಳುಗಟ್ಟಲೆ ಕುಕ್ಕರುಗಳ ಮುಖವನ್ನೇ ನೋಡಿದವರಿಗೆ ಇದರ ಸುಖ ತಿಳಿದೀತು.

ಇನ್ನು ನಮ್ಮ ಕನ್ನಡ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ತೆರೆದೆ. ಒತ್ತು, ದೀರ್ಘ, ಎಲ್ಲವೂ ಸ್ವಸ್ಥಾನದಲ್ಲಿದ್ದವು. ಆದರೆ ಈ ಹೊಗಳಿಕೆಯೆಲ್ಲ ಉಲಾ ಒಂದಕ್ಕೇ ಸಲ್ಲದು. ಒಳಗಿನ ಇಂಜಿನು ಗೂಗಲಿನವರು ಎಲ್ಲರಿಗೂ ಬಿಟ್ಟುಕೊಟ್ಟ ಕ್ರೋಮಿಯಂ. ಕನ್ನಡದ ಒಂದೊಂದು ಅಕ್ಷರಕ್ಕೂ ಜಗತ್ತೇ ಒಪ್ಪುವಂಥ ಸಂಖ್ಯೆಯನ್ನು 1991ರಷ್ಟು ಹಿಂದೆಯೇ ಕೊಟ್ಟದ್ದು ಯೂನಿಕೋಡ್. ಅದು ಬಳಕೆಗೆ ಬರುವ ಮುಂಚೆ ಊರಿನ ಸುದ್ದಿ ಓದಬೇಕೆಂದರೆ ಆಯಾ ಪತ್ರಿಕೆಯ ಫಾಂಟು ಬೇಕಿತ್ತು. ಇಲ್ಲದಿದ್ದರೆ ತೆರೆಯ ತುಂಬ ಅರ್ಥವಾಗದ ಚಿಹ್ನೆಗಳ ಕಲಸುಮೇಲೋಗರ.

ಯಂತ್ರಕ್ಕೇನೋ ಈಗ ಕನ್ನಡ ಬಂತು. ಆದರೆ ಮಕ್ಕಳಿಗೆ? ನಾಲ್ಕನೆಯ ತರಗತಿಯ ನನ್ನ ಮಗಳು ಶಾಲೆಯಲ್ಲಿ ತಮಿಳು, ಇಂಗ್ಲಿಷು ಓದುತ್ತಾಳೆ. ಕನ್ನಡ ಅವಳಿಗೆ ಬಾಯಿಮಾತು ಮಾತ್ರ. ಮಕ್ಕಳ ಕೋಣೆಯಲ್ಲಿ ಕನ್ನಡದ ಅಕ್ಷರಮಾಲೆ ತೆರೆದು ಕೂರಿಸಿದೆ. “ಅಪ್ಪಾ, ಕ, ಖ, ಗ, ಘ ಅಂತ ನಾಲ್ಕು ಯಾಕೆ? ತಮಿಳಿನಲ್ಲಿ ಒಂದೇ ಸಾಕಲ್ಲ!” ಎಂದಳು. ನನ್ನಾಕೆ ಒಳಗಿನಿಂದಲೇ ನಕ್ಕಳು.

ಈ ಪ್ರಶ್ನೆಗೆ ಯಾವ ಬ್ರೌಸರಿನ ಮೇಲೂ ಭಾರ ಹಾಕುವಂತಿಲ್ಲ. ಅದು ಪುಟ ತೆರೆದೀತು. ‘ಘಂಟೆ’ ಎನ್ನುವಾಗ ಉಸಿರು ಎಲ್ಲಿಂದ ಬರಬೇಕೆಂದು ತೋರಿಸುವವರು ಮನೆಯವರೇ. ಪರವೂರಿನಲ್ಲಿ ನಾವು ಈ ಕೆಲಸವನ್ನು ನಾಳೆಗೆಂದು ಇಟ್ಟರೆ, ಅಜ್ಜಿಯ ಕಾಗದಗಳು ಮೊಮ್ಮಕ್ಕಳಿಗೆ ಬರಿಯ ಚಿತ್ರಗಳಾಗಿಬಿಡುತ್ತವೆ. ಅದಕ್ಕೇ ಈಗ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅಪ್ಪ ಮಗಳ ಪಾಠ. ಕಾಗುಣಿತ ಮುಗಿಯಿತು; ಒತ್ತಕ್ಷರದ ಬಾಗಿಲಿಗೆ ಬಂದಿದ್ದೇವೆ.