ನಡ ಅಳೆಯುವ ನೂಲು

ಇಳಕಲ್ ಸೀರೆಗೆ ಸೈಜ್ ಇಲ್ಲ. ಒಂದೇ ಸೀರೆಯನ್ನು ಹದಿನೆಂಟರ ಮಗಳೂ ಉಡುತ್ತಾಳೆ, ಐವತ್ತರ ಅವ್ವನೂ ಉಡುತ್ತಾಳೆ. ನಡ ದಪ್ಪಾದರೆ ನಿರಿಗೆ ಒಂದೆರಡು ಕಮ್ಮಿ, ಅಷ್ಟೇ. ಗಂಡಸರ ಧೋತರವೂ ಹಂಗೇ. ಪ್ಯಾಂಟಾದರೆ ಗುಂಡಿ ಹಾಕುವಾಗ ಬೈಯುತ್ತದೆ. ನಮ್ಮೂರಿನ ಬಟ್ಟೆ ಬಾಯಿ ಬಿಡುವುದಿಲ್ಲ. ಹೇಳಿದರೆ ಉಡದಾರ ಹೇಳಬೇಕು. ಅದು ಬಿಗಿಯಾದರೆ ಗಂಟು ಬಿಚ್ಚಿ ಸಡಿಲ ಮಾಡಿ ಕಟ್ಟುತ್ತಾರೆ. ಯಾಕೆ ಬಿಗಿಯಾಯಿತು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಕಾಕಾ ಮೂವತ್ತು ವರ್ಷದಿಂದ ನೇಕಾರ. ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಂತರೆ ಊಟಕ್ಕೇ ಏಳುವುದು. ಕೈಕಾಲು ಆಡುತ್ತಿರುತ್ತವೆ, ನಡ ಕುಂತಲ್ಲೇ. ಎತ್ತರ 165 ಸೆಂ.ಮೀ., ತೂಕ 61 ಕೆ.ಜಿ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅವೆರಡನ್ನೂ ಮೊಬೈಲಿಗೆ ಹಾಕಿದೆ. ಬಿಎಂಐ 22.4 ಅಂತ ಹಸಿರು ಬಣ್ಣದಲ್ಲಿ ಬಂತು.

“ನೋಡಪಾ, ನಿನ್ನ ಫೋನೇ ಹೇಳತೈತಿ, ನಾ ತೆಳ್ಳಗ ಅದೀನಿ ಅಂತ,” ಅಂದರು ಕಾಕಾ.

ಕೈಕಾಲು ಜೋಳದ ದಂಟಿನಂತೆ ತೆಳ್ಳಗೇ ಇದ್ದವು. ಬನಿಯನ್ ಮಾತ್ರ ಹೊಟ್ಟೆಯ ಮೇಲೆ ಬಿಗಿದಿತ್ತು.

ಎರಡು ದಿನ ಬಿಟ್ಟು ಓಣಿಯ ಆಶಾ ಅಕ್ಕ ಮೂವತ್ತು ದಾಟಿದವರ ಫಾರ್ಮ್ ತುಂಬಲು ಬಂದರು. ಕೈಯಲ್ಲಿ ತಕ್ಕಡಿ ಇರಲಿಲ್ಲ, ಟೇಪ್ ಇತ್ತು. ಆ ಫಾರ್ಮಿನಲ್ಲಿ ನಡದ ಸುತ್ತಳತೆಗೆ ಅಂಕ. ಗಂಡಸರಿಗೆ 90 ಸೆಂ.ಮೀ.ವರೆಗೆ ಸೊನ್ನೆ, 91ರಿಂದ 100ಕ್ಕೆ ಒಂದು, ಅದರ ಮೇಲೆ ಎರಡು. ಹೆಂಗಸರಿಗೆ 80ರವರೆಗೆ ಸೊನ್ನೆ, 90ರವರೆಗೆ ಒಂದು, ಆಮೇಲೆ ಎರಡು. ವಯಸ್ಸು, ತಂಬಾಕು, ಕುಡಿತ, ವ್ಯಾಯಾಮ, ಮನೆತನದ ಕಾಯಿಲೆ ಎಲ್ಲದರ ಅಂಕ ಕೂಡಿಸಿ ನಾಲ್ಕು ದಾಟಿದರೆ ಅವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಕಾಕಾನ ನಡ 94. ಕೂಡಿಸಿದಾಗ ನಾಲ್ಕು ದಾಟಿತು. ಬೆರಳು ಚುಚ್ಚಿದರೆ ಶುಗರ್ 230. ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡಿದರು, ಸಕ್ಕರೆ ಕಾಯಿಲೆ ಖರೆ ಆಯಿತು. ಪಾದ ಜುಮುಗುಡುವುದು ಎರಡು ವರ್ಷದಿಂದ ಇತ್ತಂತೆ. ಮಗ್ಗ ತುಳಿದು ಹಂಗಾಗತೈತಿ ಅಂದುಕೊಂಡಿದ್ದರು.

ಹಾಗಾದರೆ ಬಿಎಂಐ ಸುಳ್ಳೇ? ಸುಳ್ಳಲ್ಲ, ಅದಕ್ಕೆ ಕೊಡುವ ಇನ್‌ಪುಟ್ಟೇ ಎರಡು. ಕಿಲೋದಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದಿಂದ ಎರಡು ಸಲ ಭಾಗಿಸುವ ಈ ಲೆಕ್ಕ 1830ರ ದಶಕದ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ಅವರದು. ಅವರು ಡಾಕ್ಟರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರ ಬಲ್ಲವರು. ಹುಡುಕುತ್ತಿದ್ದದ್ದು ‘ಸರಾಸರಿ ಮನುಷ್ಯ’ನನ್ನು. ಬಿಎಂಐ ಅನ್ನುವ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ಆ ಲೆಕ್ಕಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು, ಕೊಬ್ಬು ಎಲ್ಲಿ ಕುಂತಿದೆ ಅನ್ನುವುದು ಗೊತ್ತಾಗುವುದಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇದನ್ನು ತಮ್ಮ ಮೈಮೇಲೇ ತೋರಿಸಿದರು. 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅವರೂ ಬ್ರಿಟನ್ನಿನ ಜಾನ್ ಯುಡ್ಕಿನ್ ಅವರೂ ಒಟ್ಟಿಗೆ ನಿಂತ ಫೋಟೊ ಬಂತು. ಇಬ್ಬರ ಬಿಎಂಐ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಅದಕ್ಕೇ ನಮ್ಮ ದೇಶದ ವೈದ್ಯರು ಅಧಿಕ ತೂಕದ ಗೆರೆಯನ್ನು 25ರಿಂದ 23ಕ್ಕೆ ಇಳಿಸಿದ್ದಾರೆ. ಕಾಕಾ ಆ ಗೆರೆಯ ಕೆಳಗೂ ನುಸುಳುತ್ತಾರೆ. ಅವರನ್ನು ಹಿಡಿದದ್ದು ಟೇಪ್.

ಕಾಕಾನಂಥವರು ಕಮ್ಮಿಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಬಿಎಂಐ ಪ್ರಕಾರ ಹೆಚ್ಚು ತೂಕದವರು ಶೇ. 24. ಅದೇ ಸಮೀಕ್ಷೆ ನಡ ಮತ್ತು ಪಿರ್ರೆಯ ಸುತ್ತಳತೆ ಹೋಲಿಸಿದಾಗ ಅಪಾಯದ ಕಡೆ ಇದ್ದವರು ಶೇ. 56.7. ಗೆರೆಗಳು ಬೇರೆ ಬೇರೆ ಅನ್ನುವುದು ಖರೆ, ಆದರೂ ಅಂತರ ಸಣ್ಣದಲ್ಲ.

ಟೇಪ್ ಇಲ್ಲದಿದ್ದರೂ ನಡೆಯುತ್ತದೆ. ಜಗ್ಗದ ನೂಲನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿ, ಅರ್ಧಕ್ಕೆ ಮಡಚಿ, ನಡಕ್ಕೆ ಸುತ್ತಬೇಕು. ತುದಿ ತುದಿ ಕೂಡಿದರೆ ಸರಿ. ಕೂಡದಿದ್ದರೆ ನಡ ಎತ್ತರದ ಅರ್ಧ ದಾಟಿದೆ ಅಂತ ಅರ್ಥ. ಸುತ್ತುವ ಜಾಗ ಕೆಳಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ. ಉಡದಾರ ಜಾರಿ ಕುಂತಲ್ಲಿ ಅಲ್ಲ, ಪ್ಯಾಂಟಿನ ಬೆಲ್ಟಿನ ಜಾಗವೂ ಅಲ್ಲ. ಉಸಿರು ಸಹಜವಾಗಿ ಹೊರಬಿಟ್ಟು ನಿಲ್ಲಬೇಕು, ಹೊಟ್ಟೆ ಒಳಗೆಳೆದರೆ ಮೋಸ. ಬಸುರಿಯರಿಗೆ ಈ ಲೆಕ್ಕವಿಲ್ಲ. ನೂಲು ಕಾಯಿಲೆ ಹೇಳುವುದಿಲ್ಲ, ಶುಗರ್ ಬಿ.ಪಿ. ನೋಡಿಸಿಕೊ ಅಂತ ಹೇಳುತ್ತದೆ. ಕೂಡಿತು ಅಂತ ಮೂವತ್ತು ದಾಟಿದವರು ತಪಾಸಣೆ ಬಿಡಬಾರದು.

ಇದನ್ನು ಚಿಗವ್ವನಿಗೆ ತೋರಿಸಿದೆ. ಟೇಪ್ ಕಂಡರೆ ಸೆರಗು ಎಳೆದುಕೊಳ್ಳುವ ಓಣಿಯ ಹೆಂಗಸರು ಮಗ್ಗದ ನೂಲಿಗೆ ನಕ್ಕೋತ ನಿಂತರು. ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರಿಗೊಬ್ಬರು ಅಳೆದರು. ಮೂವರು ಮುಂದಿನ ವಾರವೇ ಶುಗರ್ ನೋಡಿಸಿಕೊಂಡು ಬಂದರು, ಅವರಲ್ಲಿ ಒಬ್ಬರಿಗೆ ಗುಳಿಗೆ ಶುರುವಾಗಿದೆ.

ಚಿಗವ್ವನ ನೂಲು ನಾಲ್ಕು ಬೆರಳು ಕೂಡಲಿಲ್ಲ. “ನಿಮ್ಮ ಕಾಕಾಂದು ಒಂದು ಹದಕ್ಕ ಬರಲಿ, ಆಮ್ಯಾಲೆ ನಾ ಹೋಗತೀನಿ,” ಅಂದಳು. ಕಾಕಾ ಈಗ ಗುಳಿಗೆ ತಗೊಂಡು ಸಂಜೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುತ್ತಾರೆ. ನಾನು ಪ್ರತಿ ರವಿವಾರ ಫೋನ್ ಮಾಡಿ ಮೊದಲು ಕೇಳುವುದು ಒಂದೇ: “ಚಿಗವ್ವಾ, ಹೋಗಿದ್ದೇನು?” ಆಕಿ ಮಳೆ, ಬೆಳೆ ಸುದ್ದಿ ತೆಗೆಯುತ್ತಾಳೆ.